ಗ್ವಾಡಲೂಪ್ ಬಾಸ್ ಹುಡುಕಿ ಹೋಗುವವರಿಗೆ ಸೌತ್ ಲ್ಯಾನೋ ರಿವರ್ ಸ್ಟೇಟ್ ಪಾರ್ಕ್ ಹೇಗಿದೆ?

ಟೆಕ್ಸಾಸ್‌ನ ಜಂಕ್ಷನ್ ಎಂಬ ಸಣ್ಣ ಊರಿನಿಂದ ದಕ್ಷಿಣಕ್ಕೆ 5 ಮೈಲಿ ಹೋದರೆ, ಯುಎಸ್ 377 ಹೆದ್ದಾರಿಯ ಪಕ್ಕದಲ್ಲೇ ಈ ಪಾರ್ಕ್ ಸಿಗುತ್ತದೆ. ಆಸ್ಟಿನ್‌ನಿಂದ ಸುಮಾರು 140 ಮೈಲಿ, ಸ್ಯಾನ್ ಆಂಟೋನಿಯೋದಿಂದ ಐ-10 ಹಿಡಿದರೆ ಸುಮಾರು 115 ಮೈಲಿ. ಆ ಎರಡೂ ಊರಿನ ಕನ್ನಡದ ಮನೆಗಳಿಗೆ ವಾರಾಂತ್ಯದಲ್ಲಿ ಹೋಗಿಬರುವ ದೂರ. ಹೆಚ್ಚಿನವರು ಗಾಳಿ ತುಂಬಿದ ಟ್ಯೂಬಿನಲ್ಲಿ ತೇಲುವುದಕ್ಕೋ, ರಾತ್ರಿ ನಕ್ಷತ್ರ ನೋಡುವುದಕ್ಕೋ ಹೋಗುತ್ತಾರೆ. 2017ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮನ್ನಣೆ ಸಿಕ್ಕಿದ ಜಾಗ ಇದು. ಇಲ್ಲಿ ಬರೆಯುತ್ತಿರುವುದು ಮಾತ್ರ ಗ್ವಾಡಲೂಪ್ ಬಾಸ್ ಎಂಬ ಒಂದು ಮೀನನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗಾಗಿ.

ಮೊದಲೇ ಹೇಳಿಬಿಡುತ್ತೇವೆ: ಗ್ವಾಡಲೂಪ್ ಬಾಸನ್ನು ಅದರ ಸ್ವಂತ ಮನೆಯಲ್ಲಿ, ಹರಿಯುವ ತಿಳಿನೀರಿನಲ್ಲಿ ಕಾಣಬೇಕೆಂದರೆ ಈ ಪಾರ್ಕಿಗೆ ಹೋಗಿ. ಮೊಳದುದ್ದದ ಮೀನು ಹಿಡಿದು ಫೋಟೋ ತೆಗೆಸಿಕೊಳ್ಳಬೇಕೆಂದರೆ ಇಲ್ಲಿಗೆ ಬರಬೇಡಿ, ಯಾವುದಾದರೂ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ಲಾರ್ಜ್‌ಮೌತ್ ಬಾಸ್ ಹಿಡಿಯಿರಿ. ಗ್ವಾಡಲೂಪ್ ಬಾಸ್ 12 ಇಂಚು ದಾಟುವುದೇ ಅಪರೂಪ. 10 ಇಂಚಿನದು ಸಿಕ್ಕರೆ ಒಳ್ಳೆಯ ಮೀನು. ಟೆಕ್ಸಾಸ್‌ನ ದಾಖಲೆ ತೂಕವೇ 3.71 ಪೌಂಡ್, ಅಂದರೆ 1.7 ಕಿಲೋ ಹತ್ತಿರ. ಅದು 2014ರಲ್ಲಿ ಕೊಲರಾಡೋ ನದಿಯಲ್ಲಿ ಸಿಕ್ಕಿದ್ದು. ಈ ಕೊಲರಾಡೋ ಟೆಕ್ಸಾಸ್‌ನದೇ ನದಿ, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹರಿಯುವುದು ಬೇರೆ.

ಇದು ಟೆಕ್ಸಾಸ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಸಹಜವಾಗಿ ಇಲ್ಲದ ಮೀನು. ಎಡ್ವರ್ಡ್ಸ್ ಪ್ರಸ್ಥಭೂಮಿಯ ಸುಣ್ಣಕಲ್ಲಿನಿಂದ ಹುಟ್ಟಿ ಹರಿಯುವ ಹೊಳೆಗಳೇ ಇದರ ತವರು: ಗ್ವಾಡಲೂಪ್, ಕೊಲರಾಡೋ, ಬ್ರಾಜೋಸ್, ಸ್ಯಾನ್ ಆಂಟೋನಿಯೋ ನದಿಗಳ ಮೇಲ್ಭಾಗಗಳು ಮತ್ತು ಅವುಗಳ ಉಪನದಿಗಳು. ವೈಜ್ಞಾನಿಕ ಹೆಸರು ಮೈಕ್ರಾಪ್ಟೆರಸ್ ಟ್ರೆಕ್ಯುಲಿಐ. 1989ರಿಂದ ಟೆಕ್ಸಾಸ್‌ನ ರಾಜ್ಯ ಮೀನು.

ಸೌತ್ ಲ್ಯಾನೋ ಈ ಮೀನಿಗೆ ಒಗ್ಗಿರುವುದಕ್ಕೆ ಕಾರಣ ಅದರ ನೀರು. ಹೊಳೆಗೆ ಮಳೆಯೊಂದೇ ಆಧಾರವಲ್ಲ, ಮೇಲ್ಗಡೆ ಸುಣ್ಣಕಲ್ಲಿನ ಸೀಳುಗಳಿಂದ ಒರತೆಗಳು ಬಂದು ಸೇರುತ್ತವೆ. ಒಂದು ಕಡೆಯ ಹೆಸರೇ ಸೆವೆನ್ ಹಂಡ್ರೆಡ್ ಸ್ಪ್ರಿಂಗ್ಸ್, ಏಳುನೂರು ಒರತೆ! (ಅದು ಖಾಸಗಿ ಜಮೀನಿನಲ್ಲಿದೆ, ಪಾರ್ಕಿನವರು ತೋರಿಸುವ ಜಾಗವಲ್ಲ.) ಒರತೆಯ ನೀರು ಬೇಸಿಗೆಯಲ್ಲೂ ಹರಿಯುತ್ತದೆ, ಕೆಸರಿಲ್ಲದೆ ತಿಳಿಯಾಗಿರುತ್ತದೆ, ತಳದ ಜಲ್ಲಿಯ ಮೇಲೆ ಹೂಳು ಕೂರಲು ಬಿಡುವುದಿಲ್ಲ. ಮೊಟ್ಟೆ ಇಡುವ ಬಾಸಿಗೆ ಬೇಕಾದದ್ದೂ ಇದೇ. ಮಾರ್ಚ್‌ನಿಂದ ಜೂನ್‌ವರೆಗೆ ಗಂಡುಮೀನು ಆಳವಿಲ್ಲದ ನೀರಿನಲ್ಲಿ ಬಾಲದಿಂದ ಜಲ್ಲಿ ಗುಡಿಸಿ ತಟ್ಟೆಯಷ್ಟು ಗುಳಿ ಮಾಡುತ್ತದೆ. ಹೆಣ್ಣು ಅದರಲ್ಲಿ ನಾಲ್ಕುನೂರರಿಂದ ಒಂಬತ್ತು ಸಾವಿರದವರೆಗೆ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾಯುವುದು ಗಂಡೇ. ಆ ತಿಂಗಳುಗಳಲ್ಲಿ ಬಿಳಿಚಿಕೊಂಡ ಜಲ್ಲಿಯ ಗುಳಿಯ ಮೇಲೆ ಒಂದು ಮೀನು ಕದಲದೆ ನಿಂತಿರುವುದು ಕಂಡರೆ ದಯವಿಟ್ಟು ಅಲ್ಲಿ ಗಾಳ ಹಾಕಬೇಡಿ. ಸುಲಭವಾಗಿ ಕಚ್ಚುತ್ತದೆ, ಅದರಲ್ಲಿ ನಿಮ್ಮ ಕೈಚಳಕವೇನೂ ಇಲ್ಲ. ಅದನ್ನು ಮೇಲೆತ್ತಿ ಕೊಕ್ಕೆ ಬಿಡಿಸಿ ವಾಪಸು ಬಿಡುವಷ್ಟರಲ್ಲಿ ಸುತ್ತಲಿನ ಸಣ್ಣ ಮೀನುಗಳಾದ ಸನ್‌ಫಿಶ್‌ಗಳು ಗುಳಿಗೆ ನುಗ್ಗಿ ಮೊಟ್ಟೆ ತಿನ್ನಲು ಶುರುಮಾಡಿರುತ್ತವೆ.

ಪಾರ್ಕಿನೊಳಗೆ ಹೊಳೆಯ ದಂಡೆ ಸುಮಾರು 2 ಮೈಲಿ ಇದೆ. ತಗ್ಗಿನಲ್ಲಿ ದೊಡ್ಡ ಪೆಕಾನ್ ಮರಗಳು, ಒಳ್ಳೆಯ ನೆರಳು. ಹೊಸಬರು ಎಡವುವುದು ಇಲ್ಲೇ. ನೆರಳಿದೆ, ನೀರು ಆಳವಾಗಿ ಹಸಿರಾಗಿ ನಿಂತಿದೆ, ಮೀನು ಇಲ್ಲೇ ಇರಬೇಕು ಎಂದು ದೊಡ್ಡ ಮಡುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಧ್ಯಾಹ್ನದವರೆಗೆ ಕೂತರೂ ಸಿಗುವುದು ಅಂಗೈಯಗಲದ ಸನ್‌ಫಿಶ್, ಒಂದೆರಡು ಲಾರ್ಜ್‌ಮೌತ್ ಮರಿ. ಹಳೆಯ ಹೊಳೆಪಾತ್ರ ಕಡಿದುಹೋಗಿ ಉಳಿದಿರುವ ಬಕ್ ಲೇಕ್‌ನಲ್ಲೂ ಅಷ್ಟೇ, ಅದು ನಿಂತ ನೀರು. ಗ್ವಾಡಲೂಪ್ ಬಾಸ್ ಸೆಳವಿನ ಮೀನು. ಮೊಣಕಾಲುದ್ದದ ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತಾ ಇಳಿದು, ಕೆಳಗಿನ ಮಡುವಿಗೆ ಸೇರುವ ಬಾಯಿಯಲ್ಲಿ ಅದನ್ನು ಹುಡುಕಬೇಕು.

ಆ ಬಾಯಿಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ನಡುವೆ ನೊರೆಯ ಗೆರೆ ಹರಿದುಹೋಗುತ್ತಿರುತ್ತದೆ. ಅದರ ಎರಡೂ ಪಕ್ಕದಲ್ಲಿ ನೀರು ನಿಧಾನವಾಗಿ ಹಿಂದಕ್ಕೆ ತಿರುಗುತ್ತದೆ. ವೇಗದ ನೀರಿಗೂ ನಿಧಾನದ ನೀರಿಗೂ ನಡುವೆ ಬಟ್ಟೆಯ ಹೊಲಿಗೆಯಂತೆ ಒಂದು ಗಡಿ ಕಾಣುತ್ತದೆ. ಮೀನು ನಿಲ್ಲುವುದು ಆ ಹೊಲಿಗೆಯ ನಿಧಾನದ ಕಡೆಗೆ, ತಳದಲ್ಲಿ, ಮುಖ ಮೇಲ್ಹರಿವಿಗೆ. ಸೆಳವಿನಲ್ಲಿ ತೇಲಿಬರುವ ಹುಳ, ಕ್ರೇಫಿಶ್ (ಸಿಹಿನೀರಿನ ಸೀಗಡಿಯಂಥದ್ದು), ಪುಟಾಣಿ ಮೀನು ಕಂಡ ಕೂಡಲೇ ಒಂದು ನೆಗೆತ ನೆಗೆದು ಹಿಡಿದು, ಮತ್ತೆ ತನ್ನ ಜಾಗಕ್ಕೆ. ನೀರಿನಲ್ಲಿ ಮುಳುಗಿದ ಬಂಡೆ ಇದ್ದರೆ ಅದರ ಹಿಂದೆ ಒಂದು ಮೀನು, ಮುಂದೆ ಕೂಡ ಒಂದು. ಬಂಡೆಗೆ ಬಡಿದ ನೀರು ಮುಂಭಾಗದಲ್ಲೂ ಚಿಕ್ಕ ಮೆತ್ತೆಯಷ್ಟು ನಿಧಾನವಾಗಿರುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಇಡೀ ಬದುಕು ಸೆಳವಿನಲ್ಲೇ ಕಳೆಯುವ ಮೀನಾದ್ದರಿಂದ, 9 ಇಂಚಿನದೂ ಗಾಳಕ್ಕೆ ಬಿದ್ದ ಮೇಲೆ ಹೊಳೆಯ ಬಲವನ್ನೆಲ್ಲ ತನ್ನ ಕಡೆ ಸೇರಿಸಿಕೊಂಡು ಎಳೆಯುತ್ತದೆ.

ಸಾಮಾನು ಹಗುರವಾಗಿರಲಿ. ಅಣೆಕಟ್ಟಿನ ಬಾಸಿಗೆಂದು ಕೊಂಡ ದಪ್ಪ ರಾಡ್ (ಗಾಳದ ಕೋಲು) ಇಲ್ಲಿಗೆ ಬೇಡ. 6ರಿಂದ 6.5 ಅಡಿಯ ಅಲ್ಟ್ರಾಲೈಟ್ ಅಥವಾ ಲೈಟ್ ಸ್ಪಿನ್ನಿಂಗ್ ರಾಡ್, 1000 ಅಥವಾ 2000 ಸೈಜಿನ ರೀಲ್ (ದಾರ ಸುತ್ತುವ ಗಾಲಿ), 4ರಿಂದ 6 ಪೌಂಡ್ ಭಾರ ತಡೆಯುವ ಮೊನೊ ಅಥವಾ ಫ್ಲೋರೋಕಾರ್ಬನ್ ದಾರ. ಇದಕ್ಕಿಂತ ದಪ್ಪ ದಾರವನ್ನು ಇಂಥ ತಿಳಿನೀರಿನಲ್ಲಿ ಮೀನು ಗುರುತಿಸುತ್ತದೆ, ಹಗುರ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ದೂರವೂ ಹೋಗುವುದಿಲ್ಲ.

ಲೂರ್‌ಗಳಲ್ಲಿ ನಮ್ಮ ಮೊದಲ ಆಯ್ಕೆ ನೆಡ್ ರಿಗ್. ಅಣಬೆಯಾಕಾರದ ಜಿಗ್ ತಲೆ (ಕೊಕ್ಕೆಗೆ ಅಂಟಿದ ಲೋಹದ ಗುಂಡು), ಅದಕ್ಕೆ ಎರಡೂವರೆ ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ. ಬಣ್ಣ ಗ್ರೀನ್ ಪಂಪ್ಕಿನ್ ಅಥವಾ ಕಂದು. ಇದರಲ್ಲಿ ತೂಕವೇ ಮುಖ್ಯ. 1/16 ಔನ್ಸ್‌ನಿಂದ (ಸುಮಾರು 1.8 ಗ್ರಾಂ) ಶುರುಮಾಡಿ. ನೀರು ಅದನ್ನು ತಳ ಮುಟ್ಟಲು ಬಿಡದೆ ಹೊತ್ತೊಯ್ದರೆ 1/10 ಔನ್ಸ್‌ಗೆ ಹೋಗಿ. 1/8 ದಾಟಿದರೆ ಸುಣ್ಣಕಲ್ಲಿನ ಸೀಳುಗಳಲ್ಲಿ ಸಿಕ್ಕಿಹಾಕಿಕೊಂಡು ದಿನಕ್ಕೆ ಹತ್ತು ಜಿಗ್ ಕಳೆದುಕೊಳ್ಳುತ್ತೀರಿ. ಸಿಕ್ಕಿಕೊಂಡಾಗ ನಿಂತಲ್ಲಿಂದಲೇ ಜಗ್ಗಬೇಡಿ, ಸೀಳು ಇನ್ನೂ ಬಿಗಿ ಹಿಡಿಯುತ್ತದೆ. ಹೊಳೆಯಲ್ಲಿ ಮೇಲಕ್ಕೆ ನಡೆದು, ಜಿಗ್ ಹೋದ ದಿಕ್ಕಿಗೆ ವಿರುದ್ಧವಾಗಿ ನಿಂತು, ದಾರ ಸಡಿಲ ಬಿಟ್ಟು ರಾಡಿನ ತುದಿ ಅಲುಗಿಸಿ. ಹೆಚ್ಚಿನವು ತಾವೇ ಕಳಚಿಕೊಳ್ಳುತ್ತವೆ.

ಎರಡನೆಯದು 1/16ರಿಂದ 1/8 ಔನ್ಸಿನ ಇನ್‌ಲೈನ್ ಸ್ಪಿನ್ನರ್, ಎಳೆದಾಗ ತಗಡು ಗಿರಗಿರ ತಿರುಗುವ ಮೆಪ್ಸ್ ಅಥವಾ ರೂಸ್ಟರ್ ಟೇಲ್ ಥರದ್ದು. ಮೀನಿರುವ ಜಾಗ ಬೇಗ ಹುಡುಕಲು ಒಳ್ಳೆಯದು, ಆದರೆ ಅದರಿಂದ ಎರಡು ತೊಂದರೆ. ಒಂದು, ಸುತ್ತಿ ಸುತ್ತಿ ದಾರ ಹೊಸೆದುಕೊಳ್ಳುತ್ತದೆ. ಅರ್ಧ ದಿನದಲ್ಲಿ ರೀಲಿನಿಂದ ದಾರ ಕುಣಿಕೆ ಕುಣಿಕೆಯಾಗಿ ಹಾರುತ್ತದೆ. ಲೂರಿಗಿಂತ ಒಂದೂವರೆ ಅಡಿ ಮೇಲೆ ಚಿಕ್ಕ ಸ್ವಿವೆಲ್ (ದಾರ ಹೊಸೆಯದಂತೆ ತಿರುಗುವ ಕೊಂಡಿ) ಕಟ್ಟಿ. ಇನ್ನೊಂದು ಅದರ ಮೂರು ಮುಳ್ಳಿನ ಕೊಕ್ಕೆ. ಸಣ್ಣ ಬಾಯಿಯ ಮೀನಿಗೆ ಅದು ಕಣ್ಣಿಗೂ ಕಿವಿರಿಗೂ ತಾಗುತ್ತದೆ. ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ, ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ದಾರ ಬಿಗಿಯಾಗಿಟ್ಟುಕೊಂಡರೆ ಹಿಮ್ಮುಳ್ಳಿಲ್ಲದೆಯೂ ಮೀನು ತಪ್ಪಿಸಿಕೊಳ್ಳುವುದಿಲ್ಲ.

ಫ್ಲೈ ರಾಡ್ (ಹುಳದಂಥ ಹಗುರ ಎರೆ ಎಸೆಯುವ ಕೋಲು) ಬಳಸುವವರಿಗೆ 4 ಅಥವಾ 5 ವೇಯ್ಟ್ ಸಾಕು. 8 ಅಥವಾ 10 ನಂಬರಿನ ವುಲ್ಲಿ ಬಗ್ಗರ್, ಕ್ರೇಫಿಶ್ ಮಾದರಿಯದು ಒಂದೆರಡು, ಸಂಜೆಗೆ ನೀರ ಮೇಲೆ ತೇಲುವ ಫೋಮಿನ ಪಾಪರ್. ಡಬ್ಬಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತರೆ ಭಾರವಷ್ಟೇ.

ಹೊಳೆಯಲ್ಲಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಮೀನಿನ ಮುಖ ಮೇಲ್ಹರಿವಿಗಿರುವುದರಿಂದ ನೀವು ಅದರ ಬೆನ್ನ ಹಿಂದೆ ಇರುತ್ತೀರಿ. ನಿಮ್ಮ ಕಾಲು ಎಬ್ಬಿಸಿದ ಹೂಳೂ ನಿಮ್ಮ ಹಿಂದಕ್ಕೇ ಹರಿದುಹೋಗುತ್ತದೆ. ಲೂರನ್ನು ಹೊಲಿಗೆಗಿಂತ ಐದಾರು ಅಡಿ ಮೇಲೆ ಬೀಳಿಸಿ, ಹರಿವಿಗಿಂತ ಕೊಂಚವೇ ಬೇಗ ದಾರ ಸುತ್ತಿಕೊಳ್ಳಿ. ಬಹುಪಾಲು ಜನಕ್ಕೆ ಮೀನು ಕಚ್ಚಿದ್ದು ಗೊತ್ತೇ ಆಗದಿರುವುದು ಇಲ್ಲಿ: ಲೂರ್ ನಿಮ್ಮ ಕಡೆಗೇ ಬರುತ್ತಿರುವಾಗ ದಾರ ಸಡಿಲವಾಗಿ ಬಾಗುತ್ತದೆ, ಕಚ್ಚಿದ ಸುಳಿವು ಕೈವರೆಗೆ ಮುಟ್ಟುವುದಿಲ್ಲ. ಆದ್ದರಿಂದ ಕಣ್ಣು ದಾರ ನೀರಿಗೆ ಇಳಿಯುವ ಬಿಂದುವಿನ ಮೇಲಿರಲಿ. ಅದು ನಿಂತರೆ ಅಥವಾ ಪಕ್ಕಕ್ಕೆ ಸರಿದರೆ ರಾಡ್ ಎತ್ತಿ, ಜೋರಾಗಿ ಹೊಡೆಯುವುದು ಬೇಡ. ಸೂರ್ಯ ಬೆನ್ನಿಗಿದ್ದರೆ ನಿಮ್ಮ ನೆರಳು ನಿಮಗಿಂತ ಮೊದಲೇ ಮಡು ತಲುಪುತ್ತದೆ, ಪಕ್ಕಕ್ಕೆ ಬಂದು ನಿಲ್ಲಿ. ಚಪ್ಪಲಿ ಹಾಕಿಕೊಂಡು ನೀರಿಗಿಳಿಯಬೇಡಿ. ಪಾಚಿ ಹಿಡಿದ ಸುಣ್ಣಕಲ್ಲು ಸಾಬೂನಿನಂತೆ ಜಾರುತ್ತದೆ. ಹೆಬ್ಬೆರಳು ಮುಚ್ಚುವ, ಗಟ್ಟಿ ಅಡಿಯ ಶೂ ಬೇಕೇಬೇಕು.

ಸಿಕ್ಕಿದ ಮೀನು ಗ್ವಾಡಲೂಪ್ ಹೌದೋ ಅಲ್ಲವೋ ನೋಡುವುದು ಹೇಗೆ? ಮೀನನ್ನು ನೀರಿನ ಮಟ್ಟದಲ್ಲೇ ಹಿಡಿದು ನಾಲ್ಕು ಕಡೆ ನೋಡಿ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನ ಹಿಂದಿನ ಅಂಚನ್ನು ದಾಟಿ ಹೋದರೆ ಅದು ಲಾರ್ಜ್‌ಮೌತ್. ಗ್ವಾಡಲೂಪಿನ ದವಡೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಬೆನ್ನಿನ ಮುಳ್ಳುರೆಕ್ಕೆ ಮತ್ತು ಮೆದುರೆಕ್ಕೆ ಎರಡೂ ಕೂಡಿಕೊಂಡಂತಿರುತ್ತವೆ, ಲಾರ್ಜ್‌ಮೌತಿನಲ್ಲಿ ನಡುವೆ ಆಳವಾದ ಕೊರಕಲು. ಪಕ್ಕೆಯ ಉದ್ದಕ್ಕೂ ವಜ್ರಾಕಾರದ ಹಸಿರು ಮಚ್ಚೆಗಳ ಸಾಲು, ಆ ಬಣ್ಣ ಇನ್ನೊಂದು ಜಾತಿಯಾದ ಸ್ಪಾಟೆಡ್ ಬಾಸಿಗಿಂತ ಹೊಟ್ಟೆಯ ಕಡೆ ಇನ್ನೂ ಕೆಳಗಿನವರೆಗೆ ಇಳಿದಿರುತ್ತದೆ. ಸ್ಮಾಲ್‌ಮೌತಿನಲ್ಲಿ ಮಾತ್ರ ಮೈ ಕಂದು, ಅಡ್ಡಪಟ್ಟೆಗಳು ಉದ್ದುದ್ದ.

ಕಷ್ಟ ಬರುವುದು ಬೆರಕೆ ಮೀನಿನಲ್ಲಿ. ಟೆಕ್ಸಾಸ್ ಸರ್ಕಾರ 1974ರಿಂದ ಹೊರಗಿನ ಸ್ಮಾಲ್‌ಮೌತ್ ಬಾಸನ್ನು ಈ ಹೊಳೆಗಳಿಗೂ ಕೆರೆಗಳಿಗೂ ಬಿಟ್ಟಿತು. ಗಾಳಗಾರರಿಗೆ ಇನ್ನೊಂದು ಮೀನು ಸಿಗಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಎರಡೂ ಹತ್ತಿರದ ಸಂಬಂಧಿಗಳು, ಕೂಡಿ ಮರಿ ಹಾಕಿದವು. ಆ ಮರಿಗಳೂ ಮರಿ ಹಾಕುವಂಥವು. ಹೀಗೆ ಕೆಲವು ಹೊಳೆಗಳಲ್ಲಿ ಶುದ್ಧ ಗ್ವಾಡಲೂಪ್ ಕರಗುತ್ತಾ ಬಂತು. ಬೆರಕೆಯನ್ನು ಕಣ್ಣಿನಿಂದ ಖಚಿತವಾಗಿ ಹೇಳಲಾಗದು, ಜೀನ್ ಪರೀಕ್ಷೆಯೇ ಆಗಬೇಕು. ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ 1992ರಿಂದ ಗ್ವಾಡಲೂಪ್ ನದಿಯ ತಲೆಹೊಳೆಗಳಲ್ಲಿ, 2010ರ ದಶಕದಲ್ಲಿ ಸೌತ್ ಲ್ಯಾನೋದಲ್ಲಿ ಶುದ್ಧ ತಳಿಯ ಮರಿಗಳನ್ನು ಲಕ್ಷಗಟ್ಟಲೆ ಬಿಡುತ್ತಾ ಬಂದಿದೆ. ಕಾವೇರಿಯ ಗೂನುಬೆನ್ನಿನ ಮಶೀರ್ ಕಥೆ ಬಲ್ಲವರಿಗೆ ಇದು ಹೊಸದೆನಿಸದು. ಅಲ್ಲೂ ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಶೀರ್ ಹೆಚ್ಚುತ್ತಾ ಹೋಗಿ, ಆ ಹೊಳೆಯದೇ ಆದ ಮೀನು ಅಳಿವಿನಂಚಿಗೆ ಬಂದಿದೆ. ಸೌತ್ ಲ್ಯಾನೋದಲ್ಲಿ ಕೈಗೆ ಬಂದ ಹಸಿರು ಮೀನನ್ನು ನೋಡುವಾಗ ಆ ಕೆಲಸದ ಬೆಲೆ ನೆನಪಿರಲಿ.

ಕಾನೂನಿನ ಪ್ರಕಾರ ಇದಕ್ಕೆ ಕನಿಷ್ಠ ಉದ್ದದ ನಿಯಮವಿಲ್ಲ, ಲಾರ್ಜ್‌ಮೌತ್, ಸ್ಮಾಲ್‌ಮೌತ್ ಇರುವ ಬ್ಲ್ಯಾಕ್ ಬಾಸ್ ಗುಂಪಿನ ಜಾತಿಗಳೆಲ್ಲ ಸೇರಿ ದಿನಕ್ಕೆ 5 ಇಟ್ಟುಕೊಳ್ಳಬಹುದು. ನಮ್ಮ ಸಲಹೆ: ಒಂದನ್ನೂ ಇಟ್ಟುಕೊಳ್ಳಬೇಡಿ. ಸಾರಿಗೆ ಮೀನು ಬೇಕಿದ್ದರೆ ಕ್ಯಾಟ್‌ಫಿಶ್ ಇದೆ. ಬಿಡುವಾಗ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಅದರ ಮೈಮೇಲಿನ ಲೋಳೆ ಕಿತ್ತುಕೊಳ್ಳುತ್ತದೆ, ಅಲ್ಲಿಂದ ಬೂಷ್ಟು ಹಿಡಿಯುತ್ತದೆ. ನೀರಿನಿಂದ ಹೊರಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ಹತ್ತರ ನಂತರ ಗಾಳ ಎತ್ತಿಟ್ಟುಬಿಡಿ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸುಸ್ತಾದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು.

ಇನ್ನು ಪಾರ್ಕಿನ ವ್ಯವಸ್ಥೆ. ಪ್ರವೇಶ ದೊಡ್ಡವರಿಗೆ 5 ಡಾಲರ್, 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಉಚಿತ. ನೀರು, ಕರೆಂಟ್ ಇರುವ 58 ಕ್ಯಾಂಪ್ ಜಾಗಗಳಿವೆ. ಬೆಳಗಿನ ಮೊದಲ ಎರಡು ತಾಸು ಬೇಕಿದ್ದರೆ ಒಳಗೇ ತಂಗುವುದು ಲೇಸು. ವಾರಾಂತ್ಯಕ್ಕೆ ಮುಂಚೆಯೇ ಬುಕ್ ಮಾಡಿ, ಗೇಟಿನಲ್ಲಿ ನೋಡಿಕೊಳ್ಳೋಣ ಎಂದು ಹೊರಡಬೇಡಿ. ಟೆಕ್ಸಾಸ್ ಸ್ಟೇಟ್ ಪಾರ್ಕಿನ ದಂಡೆಯಿಂದ ಗಾಳ ಹಾಕಲು ಲೈಸೆನ್ಸ್ ಬೇಡ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ಒಂದು ದಿನ ಗಾಳ ಹಿಡಿಸಬೇಕೆನ್ನುವವರಿಗೆ ಇದು ದೊಡ್ಡ ಅನುಕೂಲ. ಆದರೆ ನೀರಿಗಿಳಿದು ನಡೆಯುವವರು, ಕಯಾಕ್ (ಸಣ್ಣ ದೋಣಿ) ಹತ್ತಿ ಪಾರ್ಕಿನ ಗಡಿ ದಾಟುವವರು ಲೈಸೆನ್ಸ್ ಇಟ್ಟುಕೊಂಡಿರಬೇಕು. 17 ವರ್ಷಕ್ಕಿಂತ ಚಿಕ್ಕವರಿಗೆ ಎಲ್ಲೂ ಬೇಡ. ಪಾರ್ಕಿನಿಂದ ಜಂಕ್ಷನ್ ಊರಿನವರೆಗೆ ಸುಮಾರು 6 ಮೈಲಿ ಕಯಾಕ್ ದಾರಿಯಿದೆ, ನಿಂತು ನಿಂತು ಗಾಳ ಹಾಕುತ್ತಾ ಹೋದರೆ ಇಡೀ ದಿನದ ಕೆಲಸ. ದಾರಿಯಲ್ಲಿ ಎರಡೂ ದಂಡೆ ಖಾಸಗಿಯವರದು. ಹೊಳೆಯ ಪಾತ್ರ ಸಾರ್ವಜನಿಕ, ಅದನ್ನು ಬಿಟ್ಟು ದಂಡೆ ಹತ್ತಿದರೆ ಅತಿಕ್ರಮಣ.

ಕೊರತೆಗಳೂ ಇವೆ. ಬೇಸಿಗೆಯ ಶನಿವಾರ ಹನ್ನೊಂದು ಗಂಟೆಯ ಮೇಲೆ ಟ್ಯೂಬಿನವರು ಸೆಳವಿನ ಬಾಯಿಗಳ ಮೇಲೆಯೇ ಸಾಲಾಗಿ ಇಳಿಯುತ್ತಾರೆ, ಆಮೇಲೆ ಮೀನಿನ ಆಸೆ ಬಿಡಬೇಕು. ಅವರ ತಪ್ಪಲ್ಲ, ಹೊಳೆ ಅವರದೂ ಹೌದು. ವಾರದ ನಡುವೆ, ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಹೋಗಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಾಡು ಟರ್ಕಿ ಕೋಳಿಗಳು ರಾತ್ರಿ ತಂಗುವ ಪೆಕಾನ್ ತೋಪಿನ ಭಾಗಕ್ಕೆ ಪ್ರವೇಶ ನಿರ್ಬಂಧವಿರುತ್ತದೆ. ಯಾವ ದಾರಿ ತೆರೆದಿದೆ ಎಂದು ಗೇಟಿನಲ್ಲೇ ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳಿ.

ದಂಡೆಯಲ್ಲಿ ಅಲ್ಲಲ್ಲಿ ಆನೆಕಿವಿಯಂಥ ಅಗಲ ಎಲೆ ಕಂಡರೆ ಕನ್ನಡದವರಿಗೆ ತಟ್ಟನೆ ಪತ್ರೊಡೆ ನೆನಪಾಗುತ್ತದೆ. ಹೌದು, ಅದು ಕೆಸುವೇ. ಅಲ್ಲಿ ಅದಕ್ಕೆ ಎಲಿಫೆಂಟ್ ಇಯರ್ ಎನ್ನುತ್ತಾರೆ. ನಮ್ಮ ತೋಟದಲ್ಲಿ ಅದು ಬೆಳೆ, ಈ ಹೊಳೆಯಲ್ಲಿ ಕಳೆ. ಗೆಡ್ಡೆಯ ಒಂದು ಚೂರು ಪ್ರವಾಹದಲ್ಲಿ ತೇಲಿಹೋಗಿ ಎಲ್ಲಿ ಸಿಕ್ಕಿಕೊಂಡರೂ ಚಿಗುರಿ, ದಂಡೆಯನ್ನು ಹಿಡಿದಿಡುವ ಅಲ್ಲಿಯ ಹುಲ್ಲನ್ನು ಒತ್ತರಿಸಿಬಿಡುತ್ತದೆ. ಗ್ವಾಡಲೂಪ್ ಬಾಸಿನ ನೆಲೆ ಸರಿಪಡಿಸುವ ಕೆಲಸದ ಭಾಗವಾಗಿ ಇದನ್ನು ಔಷಧಿ ಹೊಡೆದು ತೆಗೆಯುತ್ತಾರೆ. ಆ ಎಲೆ ಅಡುಗೆಗೆಂದು ಕಿತ್ತು ತರಬೇಡಿ: ಯಾವ ಗಿಡಕ್ಕೆ ಔಷಧಿ ಬಿದ್ದಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಪಾರ್ಕಿನಿಂದ ಗಿಡ ಕೀಳಲು ಅನುಮತಿಯೂ ಇಲ್ಲ.

ಕೊನೆಗೆ ನೀರಿನ ಮಟ್ಟ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿಯ ಗುಡ್ಡಗಳಲ್ಲಿ ಮಣ್ಣು ತೆಳು, ಕೆಳಗೆಲ್ಲ ಬಂಡೆ. ಬಿದ್ದ ಮಳೆ ಇಂಗದೆ ನೇರ ಹೊಳೆಗೆ ಬರುತ್ತದೆ. 2018ರ ಅಕ್ಟೋಬರ್‌ನಲ್ಲಿ ಇದೇ ಸೌತ್ ಲ್ಯಾನೋ ಉಕ್ಕಿ ಜಂಕ್ಷನ್‌ನಲ್ಲಿ ದಂಡೆಯ ಮೇಲಿದ್ದ ಆರ್‌ವಿ (ವಾಸಕ್ಕೆ ಬಳಸುವ ವಾಹನ) ಬಿಡಾರಗಳನ್ನು ಕೊಚ್ಚಿಕೊಂಡು ಹೋಯಿತು, ಜನ ಸತ್ತರು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಮಳೆಯಾಗಿರಬಹುದು. ಹೊರಡುವ ಹಿಂದಿನ ರಾತ್ರಿ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸಂಸ್ಥೆ) ವೆಬ್‌ಸೈಟಿನಲ್ಲಿ ಜಂಕ್ಷನ್ ಬಳಿಯ ನೀರಿನ ಮಟ್ಟದ ಮಾಪಕದ ಗೆರೆ ನೋಡಿ, ಬೆಳಗ್ಗೆ ಮತ್ತೊಮ್ಮೆ ನೋಡಿ. ಗೆರೆ ಏರುತ್ತಿದ್ದರೆ ಹೊರಡಬೇಡಿ. ಹೊಳೆಯಲ್ಲಿ ನಿಂತಿರುವಾಗ ತಿಳಿನೀರು ಒಮ್ಮೆಲೇ ಮಂಜಾದರೆ, ಎಲೆ ಕಡ್ಡಿ ತೇಲಿಬರಲು ಶುರುವಾದರೆ, ಗಾಳ ಎಳೆದುಕೊಳ್ಳಲೂ ನಿಲ್ಲದೆ ಹತ್ತಿರದ ಎತ್ತರಕ್ಕೆ ಹತ್ತಿ. ಉಕ್ಕು ಇಳಿದು ನೀರು ಹಸಿರು ಬಣ್ಣಕ್ಕೆ ತಿರುಗಿದ ಮೇಲೆ, ಇನ್ನೂ ಪೂರ್ತಿ ತಿಳಿಯಾಗುವ ಮುಂಚಿನ ಒಂದೆರಡು ದಿನ ಮೀನು ಚೆನ್ನಾಗಿ ಕಚ್ಚುತ್ತದೆ. ಆಗ ಮೊದಲಿಗೇ 1/10 ಔನ್ಸಿನ ತಲೆ, ಕಪ್ಪು ಬಣ್ಣದ ಕಡ್ಡಿ.